ಮ್ಯಾರಿಗೋ ಎಂಬ ಚಾಪೆ

ಐವತ್ತು ದಾಟಿದ ಗಂಡಸೊಬ್ಬ ಅಡುಗೆಮನೆಯ ತಕ್ಕಡಿಯ ಮೇಲೆ ತನ್ನ ಬನಿಯನ್ನು, ಟವೆಲ್ಲು, ಹಲ್ಲುಜ್ಜುವ ಬ್ರಶ್ಶುಗಳನ್ನು ಒಂದೊಂದಾಗಿ ಇಟ್ಟು ತೂಗುತ್ತಿದ್ದರೆ ಅವನ ಹೆಂಡತಿ ಏನೆಂದುಕೊಳ್ಳಬೇಕು, ನೀವೇ ಹೇಳಿ. "ಮೊದಲು ಹೊಟ್ಟೆ ತೂಗಿಕೊಳ್ರೀ, ಅದನ್ನೂ ನೀವೇ ತಾನೆ ಹೊರೋದು" ಎಂದಳು ನನ್ನಾಕೆ. ಮಾತಿನಲ್ಲಿ ನ್ಯಾಯವಿತ್ತು. ಆದರೆ ಮಾರೇನಹಳ್ಳಿಯ ನಮ್ಮ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವ ಹುಡುಗರು ಚಿಕ್ಕಬಳ್ಳಾಪುರದ ಕಡೆಯ ಬೆಟ್ಟವೊಂದರ ಮೇಲೆ ರಾತ್ರಿ ತಂಗುವ ಚಾರಣಕ್ಕೆ ಹೊರಟು, ನನ್ನನ್ನೂ ಕರೆದು, ಅವರವರ ಹೊರೆ ಅವರವರ ಬೆನ್ನಿಗೆ ಎಂದು ಮೊದಲೇ ತಿಳಿಸಿಬಿಟ್ಟಿದ್ದರು.

ಬಟ್ಟೆಬರೆಯ ಲೆಕ್ಕವೆಲ್ಲ ಸುಲಭವಾಗಿಯೇ ಬಗೆಹರಿಯಿತು. ನನ್ನನ್ನು ಕಾಡಿದ್ದು ಚಾಪೆ. ಗಾಳಿ ತುಂಬುವ ಚಾಪೆ ಹಗುರ, ಬೆಲೆ ಮಾತ್ರ ಭಾರ. ಯೋಗದ ಚಾಪೆಯ ಬೆಲೆ ಹಗುರ, ಅದು ಮಾತ್ರ ಭಾರ. ಮನೆಯ ಈಚಲ ಚಾಪೆಯನ್ನು ಬೆನ್ನಿಗೆ ಕಟ್ಟಿ ನೋಡಿಕೊಂಡರೆ, ಯಾರದೋ ಮದುವೆಗೆ ನೆಲಹಾಸು ಹೊತ್ತು ಹೊರಟವನಂತೆ ಕಂಡೆ. ಹೀಗೆ ವಾರವೆಲ್ಲ ಫೋನಿನಲ್ಲಿ ಚಾಪೆಗಳನ್ನೇ ನೋಡಿ ಕಣ್ಣುರಿಸಿಕೊಂಡ ಮೇಲೆ ನೆನಪಾದವನು ಮರಿಗೌಡ.

ಮರಿಗೌಡ ಏಳನೆಯ ತರಗತಿಯವರೆಗೆ ನನ್ನ ಪಕ್ಕದಲ್ಲೇ ಕೂತವನು. ಕಾಮಾಕ್ಷಿಪಾಳ್ಯದ ಗಲ್ಲಿಯೊಂದರಲ್ಲಿ, ಪಂಪು ಮೋಟಾರುಗಳನ್ನು ಪೆಟ್ಟಿಗೆಗೆ ತುಂಬುವಾಗ ಸುತ್ತ ಇಡುವ ಫೋಮ್ ಹಾಳೆ ಕತ್ತರಿಸುವ ಪುಟ್ಟ ಕಾರ್ಖಾನೆ ಅವನದು. ನನ್ನ ಕಷ್ಟ ಕೇಳಿ ನಕ್ಕು, ನೆಲದ ಮೇಲೊಂದು ಹಾಳೆ ಹಾಸಿ, "ಮಲ್ಕೊಳ್ಳೋ ಇಲ್ಲಿ" ಎಂದ. ಮಲಗಿದೆ. ಹೆಗಲು, ಸೊಂಟ ಎಲ್ಲಿ ಬರುತ್ತದೆಂದು ಗೆರೆ ಎಳೆದ. "ಭಾರ ಬೀಳೋದು ಈ ಎರಡೇ ಕಡೆ ಕಣ್ಲಾ. ಅಲ್ಲಿ ಮಾತ್ರ ಎರಡು ಪದರ ಹಾಕ್ತೀನಿ. ಕಾಲ್ ಕೆಳಗೆ ನಿನ್ನ ಬ್ಯಾಗೇ ಇಟ್ಕೊ, ಅದಕ್ಯಾಕೆ ಫೋಮ್ ದಂಡ? ಪಂಪಿಗೆ ಹೆಂಗೋ ನಿನ್ನ ಸೊಂಟಕ್ಕೂ ಹಂಗೇ." ಒಂದು ಬೆಳಗ್ಗೆಯೆಲ್ಲ ಕೂತು ಕತ್ತರಿಸಿ, ಅಂಟಿಸಿ, ಕಟ್ಟಲು ಪಟ್ಟಿ ಹೊಲಿಸಿ ಕೊಟ್ಟ ಆ ಚಾಪೆ ಅರ್ಧ ಕೆಜಿಯೂ ತೂಗಲಿಲ್ಲ. ಹೊರಡುವಾಗ ಅವನು ಕೇಳಿದ್ದು ಇಷ್ಟೇ: "ಪ್ಯಾಕಿಂಗ್ ಕೆಲಸ ಕಮ್ಮಿ ಆಗೋಗೈತೆ ಕಣೋ, ಮಿಶಿನ್ನು ಸುಮ್ನೆ ನಿಂತೈತೆ. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳು."

ಬೆಟ್ಟದ ಮೇಲೆ ಬೆಳಕು ಹರಿದಾಗ ನಮ್ಮ ಗುಂಪಿನ ಮುಂದಾಳು ಕಿರಣ ಮುಖ ಊದಿಸಿಕೊಂಡು ಕೂತಿದ್ದ. ಊದಿಕೊಂಡಿರಬೇಕಾದ ಅವನ ದುಬಾರಿ ಚಾಪೆ ಲಂಟಾನದ ಮುಳ್ಳು ತಾಗಿ ಚಪ್ಪಟೆಯಾಗಿತ್ತು. ಉಳಿದವರು ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದರು. ನಾನೊಬ್ಬ ಮಾತ್ರ ಗೊರಕೆ ಹೊಡೆದು ಎದ್ದಿದ್ದೆ. ಎಲ್ಲರೂ ಬಂದು ನನ್ನ ಚಾಪೆಯನ್ನು ಒತ್ತಿ ನೋಡಿದರು, ಮಲಗಿ ನೋಡಿದರು. "ಸಖತ್ತಾಗಿದೆ ಸಾರ್! ಯಾವ ಬ್ರ್ಯಾಂಡು?" ಎಂದ ಕಿರಣ.

ಮರಿಗೌಡ ಎನ್ನುವ ಹೆಸರು ನಾಲಗೆಯ ತುದಿಯವರೆಗೆ ಬಂದಿತ್ತು, ನಂಬಿ. ಆದರೆ ಸುತ್ತ ನೋಡಿದೆ. ಎಲ್ಲರ ಶೂ, ಚೀಲ, ಟೋಪಿಗಳ ಮೇಲೂ ಪರದೇಶದ ಅಕ್ಷರಗಳಿದ್ದವು. ಹತ್ತುವಾಗೆಲ್ಲ ಅಂಕಲ್ ಅಂಕಲ್ ಎಂದು ಕೈಹಿಡಿದು ಎಳೆದವರು ಆಗ ಮೊದಲ ಸಲ ನನ್ನನ್ನು ಬಲ್ಲವನೆಂಬಂತೆ ನೋಡುತ್ತಿದ್ದರು. "ಮ್ಯಾರಿಗೋ" ಎಂದೆ. "ಇಟಲಿದಾ ಸಾರ್?" ಎಂದರು. "ಹ್ಞೂಂ" ಎಂದೆ. "ನಮ್ಮ ಟ್ರೆಕಿಂಗ್ ಕ್ಲಬ್ಬಿಗೆ ನಲವತ್ತು ಬೇಕಾಗಿದೆ, ಲಿಂಕ್ ಕಳಿಸಿ ಸಾರ್" ಎಂದ ಕಿರಣ. ಆಗಲಾದರೂ ಬಾಯಿ ಬಿಡಬಹುದಿತ್ತು. "ಈಗ ಸಿಗಲ್ಲಪ್ಪ, ಬರೋದು ನಿಂತುಹೋಗಿದೆ" ಎಂದುಬಿಟ್ಟೆ.

ನಿಮಗಿನ್ನೂ ಹೇಳದ ಸಂಗತಿಯೊಂದಿದೆ: ನಾನು ಕನ್ನಡ ಮೇಷ್ಟ್ರು. ಪ್ರತಿ ನವೆಂಬರಿನಲ್ಲೂ ಶಾಲು ಹೊದ್ದು, ನಮ್ಮ ಊರುಕೇರಿಯ ಹೆಸರುಗಳಲ್ಲಿ ನಮ್ಮ ಚರಿತ್ರೆಯೇ ಇದೆಯೆಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸುವವನು. ಲೋಪಸಂಧಿಯಲ್ಲಿ ಬಿಟ್ಟುಹೋಗುವುದು ಒಂದು ಸ್ವರ ಮಾತ್ರ ಎಂದು ಮಕ್ಕಳಿಗೆ ಕಲಿಸುವ ನಾನು, ಒಂದು ಅಕ್ಷರದ ಜೊತೆಗೆ ಒಬ್ಬ ಮನುಷ್ಯನನ್ನೇ ಬಿಟ್ಟುಬಿಟ್ಟಿದ್ದೆ. ಇಳಿಯುವಾಗ ಬೆನ್ನಿನ ಮೇಲಿದ್ದುದರಲ್ಲಿ ಅತ್ಯಂತ ಹಗುರವಾದದ್ದು ಆ ಚಾಪೆ. ಅದರ ಕೆಳಗೇ ನನಗೆ ಕುಸಿಯುವಂತಾಗುತ್ತಿತ್ತು. ನಾಚಿಕೆಯೆಂದರೆ ಕಿವಿ ಬಿಸಿಯಾಗುವುದೆಂದು ತಿಳಿದಿದ್ದೆ. ಅದು ಅನ್ನ ಸೇರದಂತೆಯೂ ಮಾಡುತ್ತದೆ.

ಹದಿನೈದು ದಿನ ಕಾಮಾಕ್ಷಿಪಾಳ್ಯದ ದಾರಿ ತಪ್ಪಿಸಿ, ಬೇರೆ ಬಸ್ಸು ಹಿಡಿದು ಓಡಾಡಿದೆ. ಕೊನೆಗೆ ತಡೆಯಲಾರದೆ ಕಿರಣನಿಗೆ ಫೋನು ಮಾಡಿ ನಿಜ ಹೇಳಿದೆ. "ಅಯ್ಯೋ ಸಾರ್, ಮೊನ್ನೆ ತಾನೇ ಬೇರೆ ತಗೊಂಡ್ವಲ್ಲ" ಎಂದು ಅವನು ನಕ್ಕ. ಅಂದೇ ಮಧ್ಯಾಹ್ನ ಮರಿಗೌಡನ ಮುಂದೆ ಹೋಗಿ ನಿಂತೆ. ಯಂತ್ರದ ಮೇಲೆ ಗೋಣಿತಾಟು ಹೊದಿಸಿತ್ತು. ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದೆ. ನಲವತ್ತು ಎಂದಾಗ ಅವನು ಒಮ್ಮೆ ಯಂತ್ರದ ಕಡೆ ನೋಡಿದ.

ಆಮೇಲೆ ನನಗೆ ನೆರವಾಗುವಂತೆ ಅವನೇ ಹೇಳಿದ: "ನನ್ನ ಹೆಸರು ಹೇಳಿದ್ರೆ ಅವರು ತಗೊಳ್ಳಲ್ಲ, ಫಾರಿನ್ ಅಂದ್ರೆ ತಗೊಳ್ತಾರೆ ಅಂತ ತಾನೇ ನೀನು ಮೊದಲು ಹಂಗಂದಿದ್ದು? ಲಿಂಕ್ ಕೇಳ್ದಾಗ ಸಿಕ್ಕಾಕ್ಕೊಂಡೆ, ಅಷ್ಟೇ. ಕೆಡುಕು ಮಾಡಕ್ಕೇನಲ್ವಲ್ಲ?"

ಹೌದೆಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನಿಗೂ ಅದೇ ಬೇಕಿತ್ತೋ ಏನೋ. "ಅಲ್ಲ ಕಣೋ," ಎಂದೆ, "ನಿನ್ನ ಹೆಸರು ಹೇಳೋಕೆ ನಾಚಿಕೊಂಡೆ."

ಮರಿಗೌಡ ಸಿಟ್ಟಾಗಲಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ತಂದು, ಹೆಗಲ ಮೇಲಿನ ಟವೆಲಿನಿಂದ ಧೂಳು ಒರೆಸಿ, ನನ್ನ ಮುಂದೆ ಇಟ್ಟ.

"ಕೂತ್ಕೊಳ್ಳಿ ಮೇಷ್ಟ್ರೇ," ಎಂದ. "ಟೀ ಕುಡೀತೀರಾ?"