ಗೋಡೆ ಕೆಂಪಾಗಲಿಲ್ಲ

ನನ್ನ ಯಜಮಾನರಿಗೆ ಬಲಭಾಗಕ್ಕೆ ಲಕ್ವ ಹೊಡೆದಾಗ ನಾನು ಶಿವನಿಗೆ ಮೊದಲು ಕೈಮುಗಿದದ್ದು ಎಡಗೈ ಉಳಿಸಿದ್ದಕ್ಕೆ. ನಮ್ಮಲ್ಲಿ ಪೂಜೆಗೆ ಕೂತಾಗ ಇಷ್ಟಲಿಂಗವನ್ನು ಇಟ್ಟುಕೊಳ್ಳುವುದು ಎಡ ಅಂಗೈಯಲ್ಲಿ. ಪತ್ರೆ ಏರಿಸುವ ಬಲಗೈ ಏಳದಿದ್ದರೆ ಆ ಕೆಲಸ ನಾನು ಮಾಡಿಯೇನು. ಲಿಂಗ ಹಿಡಿಯುವ ಕೈ ಅವರದೇ ಆಗಬೇಕಲ್ಲ. ಮಾತೂ ಪೂರ್ತಿ ಹೋಗಲಿಲ್ಲ, ತೊದಲುತ್ತದೆ ಅಷ್ಟೆ. ಹೀಗೆ ಉಳಿದದ್ದನ್ನು ಎಣಿಸಿಕೊಂಡೇ ಹತ್ತು ತಿಂಗಳು ಕಳೆದಿದ್ದೆ.

ಅವರು ಎಣಿಸುತ್ತಿದ್ದದ್ದು ಬೇರೆ. ದೀಪಾವಳಿಯ ಹೊತ್ತಿಗೆ ಕಾರನ್ನು ಮತ್ತೆ ತಾವೇ ಓಡಿಸಬೇಕು ಎಂಬ ಒಂದೇ ಹಟ. ವಿಜಯನಗರದ ಮನೆಯಿಂದ ಕೆಂಗೇರಿಯ ಫಿಸಿಯೋಥೆರಪಿಗೆ ವಾರಕ್ಕೆ ಮೂರು ಸಲ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಪಕ್ಕದ ಸೀಟಿನಲ್ಲಿ ಕೂತು ತೊದಲುತ್ತಲೇ ಕಿಚಾಯಿಸುತ್ತಿದ್ದರು.

"ಎತ್ತಿನ ಗಾಡಿನೇನೇ ಇದು? ಗೇರ್ ಹಾಕೇ. ಇರ್ಲಿ, ದೀಪಾವಳಿ ತನಕ ತಡ್ಕೋತೀನಿ."

"ತಡ್ಕೊಳ್ಳಿ, ತಡ್ಕೊಳ್ಳಿ. ಬಾಡಿಗೆ ಏನೂ ಕೇಳ್ತಿಲ್ವಲ್ಲ ನಾನು."

ಒಂದು ದಿನ ಉಲ್ಲಾಳದ ಹತ್ತಿರ ಸಿಗ್ನಲ್‌ನಲ್ಲಿ ನಿಂತಾಗ ಸ್ಕೂಟರಿನ ಹೆಂಗಸೊಬ್ಬರು ಪಕ್ಕಕ್ಕೆ ಬಂದು ಗಾಜು ತಟ್ಟಿದರು. "ಆಂಟಿ, ನಿಮ್ ಬ್ರೇಕ್ ಲೈಟ್ ಎರಡೂ ಬರ್ತಿಲ್ಲ. ಇನ್ನೊಂಚೂರಲ್ಲಿ ಡಿಕ್ಕಿ ಒಳಗೇ ಬಂದು ಕೂತ್ಕೋತಿದ್ದೆ ನಾನು!" ನಗುತ್ತಲೇ ಹೇಳಿ ಹೋದರು.

ತಪ್ಪು ನನ್ನದು. ಪ್ರತಿ ಅಮಾವಾಸ್ಯೆಗೆ ಅವರು ಕಾರು ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ನಿವಾಳಿಸಿ, ಆಮೇಲೆ ಒಳಗೆ ಕೂತು ಬ್ರೇಕ್ ಒತ್ತುತ್ತಿದ್ದರು. ನಾನು ಹಿಂದೆ ನಿಂತು "ಬಂತು" ಎನ್ನಬೇಕು. ಮದುವೆಯಾದಾಗ ಇದ್ದ ಸ್ಕೂಟರಿನ ಕಾಲದಿಂದಲೂ ಇದೇ ಪದ್ಧತಿ. ಅವರು ಹಾಸಿಗೆ ಹಿಡಿದ ಮೇಲೆ ವಿಭೂತಿ, ನಿಂಬೆಹಣ್ಣು ಒಂದು ಅಮಾವಾಸ್ಯೆಗೂ ನಾನು ತಪ್ಪಿಸಲಿಲ್ಲ. ದೀಪ ನೋಡುವುದನ್ನೇ ಮರೆತಿದ್ದೆ. ದೇವರು ಆ ಹೆಂಗಸಿನ ಕಣ್ಣಲ್ಲಿ ನಮ್ಮನ್ನು ಕಾಯ್ದ.

ಸಂಜೆ ಅವರು ಕುರ್ಚಿಯಲ್ಲಿ ಕೂತು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. "ಎರಡೂ ಹೋಗಿದ್ರೆ ಮೊದ್ಲು ಫ್ಯೂಸ್ ನೋಡು." ಫ್ಯೂಸ್ ಚೆನ್ನಾಗಿತ್ತು. "ಹಂಗಾದ್ರೆ ಬಲ್ಬ್ ಬಿಚ್ಚು." ಹಿಂದಿನ ದೀಪದ ಎರಡು ಸ್ಕ್ರೂ ತೆಗೆದು, ಬಲ್ಬನ್ನು ಒತ್ತಿ ತಿರುಗಿಸಿದೆ. ಎಡಗಡೆಯದು ಮಸಿ ಹಿಡಿದು ಕಪ್ಪಾಗಿತ್ತು. ಬಲಗಡೆಯದರ ತಂತಿ ಕಡಿದಿತ್ತು. ಒಂದು ಯಾವತ್ತೋ ಹೋಗಿ, ಇನ್ನೊಂದು ಒಂಟಿಯಾಗಿ ದುಡಿದು ಈಗ ಹೋಗಿರಬೇಕು. ಮೂಲೆಯ ಅಂಗಡಿಯಿಂದ ಜೋಡಿ ತಂದು ಹಾಕಿದೆ. ಬಲ್ಬಿನ ಬುಡದಲ್ಲಿ ಒಂದು ಮೊಳೆ ಮೇಲೆ, ಒಂದು ಕೆಳಗೆ ಇರುತ್ತದೆ, ಉಲ್ಟಾ ಹಿಡಿದರೆ ಕೂರುವುದಿಲ್ಲ. "ನಿನ್ ಥರಾನೇ ಅದು, ಬಲವಂತಕ್ಕೆ ಬಗ್ಗಲ್ಲ" ಎಂದರು. ಬಹಳ ದಿನಗಳ ಮೇಲೆ ಇಬ್ಬರೂ ನಕ್ಕೆವು.

"ಬ್ರೇಕ್ ನಾನೇ ಒತ್ತೀನಿ, ಕೂರ್ಸು" ಎಂದರು.

ಹೆಗಲು ಕೊಟ್ಟು ಸ್ಟಿಯರಿಂಗ್ ಮುಂದೆ ಕೂರಿಸಿದೆ. ಹತ್ತು ತಿಂಗಳಲ್ಲಿ ಅಲ್ಲಿ ಕೂತದ್ದು ಅದೇ ಮೊದಲು. ಬಲಗಾಲನ್ನು ಎಡಗೈಯಿಂದಲೇ ಎತ್ತಿ ಒಳಗಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿದರು. ಮುಖ ಹೊಸ ಗಾಡಿ ತಂದ ದಿನದಂತಿತ್ತು. ನಾನು ಹಿಂದೆ ಹೋಗಿ, ಕಾರಿಗೂ ಕಾಂಪೌಂಡಿನ ಬಿಳಿ ಗೋಡೆಗೂ ನಡುವೆ ಒಂದು ಬದಿಗೆ ನಿಂತೆ.

"ಬಂತಾ?"

"ಇಲ್ಲಾರೀ."

"ಈಗ?"

"ಇಲ್ಲ."

"ಪೂರ್ತಿ ಒತ್ತಿದೀನಿ ಕಣೇ! ಹಂಗಾದ್ರೆ ಪೆಡಲ್ ಮೇಲಿನ ಸ್ವಿಚ್ ಹೋಗಿರ್ಬೇಕು. ಬಾ, ನೋಡು."

ಮುಂದೆ ಬಂದು ಬಗ್ಗಿದೆ. ಅವರ ಪಾದ ಪೆಡಲಿನ ಪಕ್ಕದಲ್ಲಿ, ನೆಲದ ಮ್ಯಾಟಿನ ಮೇಲಿತ್ತು. ಹಣೆಯ ನರ ಉಬ್ಬುವಷ್ಟು ಒತ್ತುತ್ತಿದ್ದರು. ಪಾದ ಅಲುಗಿರಲಿಲ್ಲ. ಅದು ಎಲ್ಲಿದೆಯೆಂದು ಅವರಿಗೇ ಗೊತ್ತಿರಲಿಲ್ಲ.

ಏನು ಹೇಳಲಿ? ಚಪ್ಪಲಿ ಸರಿಮಾಡುವವಳಂತೆ ಪಾದವನ್ನೆತ್ತಿ ಪೆಡಲಿನ ಮೇಲಿಟ್ಟೆ. "ಸ್ವಿಚ್ ಸರಿ ಇರೋ ಹಾಗಿದೆ, ಇನ್ನೊಂದ್ಸಲ ಒತ್ತಿ" ಎಂದು ಹಿಂದೆ ಬಂದೆ. ಬೆರಳಷ್ಟು ಇಳಿದರೂ ಸಾಕು, ದೀಪ ಬರುತ್ತದೆ. ಶಿವನೇ, ಬೆರಳಷ್ಟು ಇಳಿಸು ಎಂದು ಬೇಡಿಕೊಂಡೆ.

"ಬಂತಾ?"

ಬಂದಿರಲಿಲ್ಲ.

"ಬಂತು ರೀ" ಎಂದುಬಿಟ್ಟೆ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಸುಳ್ಳು ಹೇಳಿದೆ.

ಒಳಗಿನಿಂದ ನಿಧಾನವಾಗಿ ಹೇಳಿದರು. "ಕನ್ನಡೀಲಿ ಗೋಡೆ ಕಾಣ್ಸುತ್ತೆ ಕಣೇ. ಕೆಂಪಾಗ್ಲಿಲ್ಲ."

ಮುಸ್ಸಂಜೆಯಾಗಿತ್ತು. ದೀಪ ಬಂದಿದ್ದರೆ ಬಿಳಿ ಗೋಡೆ ಕೆಂಪಾಗದೆ ಇರುತ್ತಿರಲಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ. ಬಾಗಿಲ ಹತ್ತಿರ ಬಂದು ನಿಂತೆ. ಅವರು ತಮ್ಮ ಕಾಲನ್ನೇ ನೋಡುತ್ತಿದ್ದರು, ಯಾರದೋ ಕಾಲು ನೋಡುವ ಹಾಗೆ.

"ಇಳ್ಸು. ನೀನು ಕೂತ್ಕೋ. ಹಿಂದೆ ನಿಂತು ನಾನು ನೋಡ್ತೀನಿ."

ಇಳಿಸಿದೆ. ಎಡಗೈಯಲ್ಲಿ ಕಾರನ್ನು ಹಿಡಿದುಕೊಂಡು, ಕಾಲೆಳೆಯುತ್ತಾ ಹಿಂದಕ್ಕೆ ಹೋಗಿ ಗೋಡೆಗೆ ಒರಗಿದರು. ನಾನು ಕೂತು ಬ್ರೇಕ್ ಒತ್ತಿದೆ. ಕನ್ನಡಿಯಲ್ಲಿ ಗೋಡೆ ಕೆಂಪಾಯಿತು, ಅವರ ಮುಖವೂ ಕೆಂಪಾಯಿತು. ಒದ್ದೆ ಕೆನ್ನೆ ಕಂಡಿತು.

"ಬಂತಾ ರೀ?" ಎಂದೆ, ನನಗೆ ಕಾಣುತ್ತಿದ್ದರೂ.

ಎಡಗೈಯಿಂದ ಕೆನ್ನೆ ಒರೆಸಿಕೊಂಡರು. "ಎರಡೂ ಬಂತು."

ಆ ಸಂಜೆ ಪೂಜೆಗೆ ಕೂತಾಗ ಅವರ ಅಂಗೈಯ ಲಿಂಗಕ್ಕೆ ಪತ್ರೆ ಏರಿಸುತ್ತಾ, ಹೇಳಿದ ಸುಳ್ಳಿಗೆ ಕ್ಷಮೆ ಕೇಳಿದೆ. ದೀಪಾವಳಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಕಾರಿನಲ್ಲಿ ನನ್ನನ್ನು ಕಿಚಾಯಿಸುವುದೂ ನಿಂತಿದೆ. ಎತ್ತಿನ ಗಾಡಿ ಎಂದು ಒಂದು ಸಲ ಅಂದುಬಿಡಲಿ ಎಂದು ಬೇಕಂತಲೇ ನಿಧಾನ ಓಡಿಸುತ್ತೇನೆ. ಅನ್ನುವುದಿಲ್ಲ. ಅಮಾವಾಸ್ಯೆ ಬಂದರೆ ಮಾತ್ರ ನಾನು ಕರೆಯುವ ಮೊದಲೇ ಹೋಗಿ ಗೋಡೆಗೆ ಒರಗಿ ನಿಂತಿರುತ್ತಾರೆ. ಅವರು ನಿಲ್ಲಲಾದರೂ ಬಲ್ಲರು ಎಂದು ಅದನ್ನೂ ಉಳಿದದ್ದರ ಎಣಿಕೆಗೆ ಸೇರಿಸಿಕೊಂಡಿದ್ದೇನೆ.