ಕೌಂಟರಿನೆದುರು ಕಂಪ್ರೆಸರ್ ಆದ ನಾನು

“ನಿಮ್ಮ ಹಳೇ ಮೆಷಿನ್ ಹೇಗೆ ಸದ್ದು ಮಾಡ್ತದೆ?” ಎಂದು ಅಬುಧಾಬಿಯ ಮುಸಫ್ಫಾದ ಮೆಷಿನ್ ಅಂಗಡಿಯ ಬ್ಯಾರಿ ಕಾಕಾ ಕೇಳಿದರು. ಮಿಮಿಕ್ರಿ ಚಟದ ನನಗೆ ಅಷ್ಟು ಸಾಕು. ಕೌಂಟರಿನೆದುರೇ ಕೆನ್ನೆ ಉಬ್ಬಿಸಿ ನಮ್ಮ ವರ್ಕ್‌ಶಾಪಿನ ಕಂಪ್ರೆಸರ್‌ನಂತೆ “ಡುಗುಡುಗುಡುಗು” ಶುರುಮಾಡಿದೆ.

ಗೇಟು, ಗ್ರಿಲ್ಲುಗಳ ತುಕ್ಕನ್ನು ಕಂಪ್ರೆಸರ್‌ನ ಗಾಳಿಯಿಂದ ಮರಳು ಊದಿ ತೆಗೆಯುವ ಸಣ್ಣ ಕೆಲಸ ನಮ್ಮದು. ಅರ್ಧ ಗ್ರಿಲ್ ಆಗುವಷ್ಟರಲ್ಲಿ ಗಾಳಿಯ ಜೋರು ಇಳಿದುಹೋಗುತ್ತಿತ್ತು. ಹೊಸ ಕಂಪ್ರೆಸರ್ ಆರಿಸಲು ಫೋರ್ಮನ್ ಮೊದಲ ಸಲ ನನ್ನನ್ನು ನಂಬಿ ಕಳಿಸಿದ್ದರು. ತಪ್ಪಿದರೆ ಮತ್ತೆ ಮರಳು ಗುಡಿಸುವುದೇ ಗತಿ. ನಾನಾಗಲೇ ಅಂಗಡಿಯ ಅತಿ ದೊಡ್ಡ ಟ್ಯಾಂಕಿನದಕ್ಕೆ ಕೈ ತೋರಿಸಿಯಾಗಿತ್ತು.

ಕಾಕಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ಉಸಿರು ಸಾಲದೆ ನಾನು ನಿಂತೆ.

“ಮೆಷಿನ್ ಕೂಡ ಹೀಗೇ ನಡುವೆ ನಿಲ್ತದಾ?” ಎಂದರು.

“ಇಲ್ಲ ಕಾಕಾ, ನಿಂತದ್ದು ನಾನು. ಅದು ನಿಲ್ಲುದೇ ಇಲ್ಲ.”

“ಹಾಗಾದ್ರೆ ಟ್ಯಾಂಕ್ ತುಂಬುದೇ ಇಲ್ಲ ಮಾರಾಯ, ತುಂಬಿದ್ರೆ ಮೆಷಿನ್ ತಾನೇ ನಿಲ್ತದೆ. ದೊಡ್ಡ ಟ್ಯಾಂಕ್ ಕೊಂಡ್ರೂ ಅಷ್ಟೇ. ಮಿನಿಟಿಗೆ ಎಷ್ಟು ಗಾಳಿ ಕೊಡ್ತದೆ ನೋಡು. ನಿಮ್ಮ ಮರಳು ಊದುವ ನಾಝಲ್ ಎಳೆಯುದಕ್ಕಿಂತ ಜಾಸ್ತಿ ಇರ್ಬೇಕು, ಖಲಾಸ್!”

ನೋಡಲು ಸಪ್ಪೆಯಾದ, ಟ್ಯಾಂಕ್ ಸಣ್ಣದಾದರೂ ಹೆಚ್ಚು ಗಾಳಿ ಕೊಡುವ ಮೆಷಿನ್ ತಂದೆ. ಅದೀಗ ನಡುನಡುವೆ ನಿಂತು ದಣಿವಾರಿಸಿಕೊಳ್ಳುತ್ತದೆ, ಗ್ರಿಲ್ಲಿನ ಕೆಲಸ ಮಾತ್ರ ನಿಲ್ಲುವುದಿಲ್ಲ.

ನನ್ನ ಮಿಮಿಕ್ರಿ ಕೇಳಿ ದಿನಕ್ಕೆ ಹತ್ತು ಸಲ “ಬಾಯಿ ಮುಚ್ಚು” ಎನ್ನುತ್ತಿದ್ದ ಫೋರ್ಮನ್, ಮೊನ್ನೆ ಕಬ್ಬಿಣ ಉಜ್ಜುವ ಗ್ರೈಂಡರ್ ಕೈಕೊಟ್ಟಾಗ ನನ್ನನ್ನು ಕರೆದು ಅದರ ಪಕ್ಕ ಕೂರಿಸಿದರು. “ಅಂಗಡಿಗೆ ಹೋಗುವ ಮೊದ್ಲು ಇದರ ಸದ್ದು ಸರಿ ಕಲ್ತುಕೋ” ಎಂದರು.