ಬೈಗುಳದ ಶನಿವಾರ

ಇದನ್ನು ಹೇಳದೆ ಇಷ್ಟು ವರ್ಷ ತಪ್ಪಿಸಿಕೊಂಡು ಬಂದಿದ್ದೇನೆ. ಮಂಡಿ ನೋವು, ಕಣ್ಣಿನ ಪೊರೆ, ಹೆಂಡತಿಯ ಕಾಯಿಲೆ, ಒಂದಿಲ್ಲೊಂದು ನೆಪ ಸಿಗುತ್ತಿತ್ತು. ಇನ್ನು ತಡ ಮಾಡಿದರೆ ಹೇಳಲು ನಾನೇ ಇರುವುದಿಲ್ಲ.

ಮೆಟ್ರಿಕ್ ಮುಗಿಸಿದ ಮೇಲೆ ನಾನು ಅಕ್ಕಲಕೋಟೆಯ ಒಂದು ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸಿದವನು. ಕಣಕ್ಕೆ ಇಳಿಸುವ ಮುನ್ನ ಅವರ ಅಪ್ಪ-ಅವ್ವನನ್ನೂ ಎಳೆದು ಬೈಯುತ್ತಿದ್ದೆ, ಕಪಾಳಕ್ಕೆ ಬಾರಿಸುತ್ತಿದ್ದೆ. ಸಿಟ್ಟಿಗೆದ್ದು ಉಸಿರು ಕೆಡಿಸಿಕೊಂಡವನನ್ನು ಮಣ್ಣಿಗೆ ಕೆಡವಿ, "ಇಲ್ಲೇ ಸಿಟ್ಟಿಗೇರಿದ್ರ ಅಲ್ಲಿ ಏನ್ ಮಾಡ್ತೀಯೋ ಮಗನ?" ಎನ್ನುತ್ತಿದ್ದೆ. ಎದುರಾಳಿಯ ಬೈಗುಳವನ್ನು ಮೊದಲು ನಮ್ಮವರ ಬಾಯಿಂದಲೇ ಕೇಳಿರಬೇಕು ಎಂಬುದು ಗರಡಿಯ ಪದ್ಧತಿ.

ಮನೆಯಲ್ಲಿ ಅಂಥ ಕಾರಣವೂ ಬೇಕಿರಲಿಲ್ಲ. ಒಮ್ಮೆ ಊಟದ ಹೊತ್ತಿನಲ್ಲಿ ಮಗಳು ಎದುರು ಮಾತಾಡಿದಳೆಂದು ಹೊಡೆದೆ. ಅವಳ ಎಡಗಿವಿಯಿಂದ ರಕ್ತ ಬಂತು, ತಟ್ಟೆಯಲ್ಲಿದ್ದ ರೊಟ್ಟಿಯ ಮೇಲೂ ಸಿಡಿಯಿತು. ಆಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಅಲ್ಲಿಂದ ಮುಂದೆ ಯಾವ ಗಂಡಸು ದನಿ ಏರಿಸಿದರೂ ಅವಳ ನಾಲಿಗೆ ಕಟ್ಟುತ್ತಿತ್ತು. ನನ್ನ ಮಗಳು ಎಷ್ಟು ವಿನಯವಂತೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಅವಳು ಸೋಲಾಪುರದಲ್ಲಿ ಎಂ.ಎ. ಮುಗಿಸಿ ಪಿಎಚ್‌ಡಿಗೆ ಸೇರಿದಳು. ಕುರಿ ಸಾಕುವ ಹೆಂಗಸರ ದುಡಿಮೆ ಅವಳ ವಿಷಯ. ನಮ್ಮದೇ ಮಂದಿ, ರಜೆಯಲ್ಲಿ ಅಜ್ಜಿಯ ಬೆನ್ನುಹತ್ತಿ ಅವಳೂ ಕುರಿ ಕಾಯ್ದವಳು. ಹೈದರಾಬಾದಿನ ಒಂದು ವಿಚಾರ ಸಂಕಿರಣಕ್ಕೆ ಅವಳ ಪ್ರಬಂಧ ಆಯ್ಕೆಯಾಯಿತು. ಅವಳ ಗೈಡ್ ಆಗಿದ್ದ ಮೇಡಂ ಓಡಾಡಿ ರೈಲಿನ ಖರ್ಚು, ಉಳಿಯುವ ಜಾಗ ಎಲ್ಲವನ್ನೂ ಕಾಲೇಜಿನಿಂದಲೇ ಕೊಡಿಸಿದ್ದರು. ಶನಿವಾರ ಬಂತೆಂದರೆ ತಮ್ಮ ವಿದ್ಯಾರ್ಥಿಗಳನ್ನು ಕೂಡಿಸಿ ಅಭ್ಯಾಸ ಮಾಡಿಸುತ್ತಿದ್ದರು. ಒಬ್ಬರು ನಿಂತು ಓದಬೇಕು, ಉಳಿದವರು ಅಡ್ಡ ಪ್ರಶ್ನೆ ಕೇಳಬೇಕು. ದನಿ ಏರಿದರೆ ನನ್ನ ಮಗಳು ಮೂಕಿಯಾಗುವುದನ್ನು ಅವರು ಕಂಡಿದ್ದರು. ಅವಳ ಜೊತೆ ಓದುವ ಮಂದ್ರೂಪದ ಹುಡುಗನೊಬ್ಬನಿಗೆ, ಅಲ್ಲಿ ಯಾರೂ ಬೈಯದಷ್ಟು ಕೆಟ್ಟದಾಗಿ ಇಲ್ಲಿ ನೀನು ಬೈಯಬೇಕು ಎಂದು ಹೇಳಿಟ್ಟಿದ್ದರು. ಪ್ರಬಂಧ ಇಂಗ್ಲಿಷಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ, ಎದೆಗೆ ನಾಟಲಿ ಎಂದು. ಆ ಹುಡುಗನೂ ತನ್ನ ಪ್ರಬಂಧ ಹಿಡಿದು ಅದೇ ಸಂಕಿರಣಕ್ಕೆ ಹೊರಟವನು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಅಂಥ ಒಂದು ಶನಿವಾರ, ಅವಳ ಪ್ರಯಾಣಕ್ಕೆಂದು ಹೊಸ ಬ್ಯಾಗು ಕೊಂಡು ಕಾಲೇಜಿಗೆ ಹೋದೆ. ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಗಂಡು ದನಿ ಕೇಳಿತು.

"ಕುರಿ ಕಾಯೋ ಮಂದಿ ನೀವು! ಹಿಕ್ಕಿ ವಾಸನಿ ಇನ್ನಾ ಹೋಗಿಲ್ಲ, ನಮಗ ಶಾಣ್ಯಾತನ ಹೇಳಾಕ ಬಂದೀಯೇನು?"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಮಗಳ ದನಿ, ನಡುಗುತ್ತಿದ್ದರೂ ಜೋರಾಗಿ: "ಕುರಿ ಕಾಯ್ದೀನ್ರಿ, ಅದಕ್ಕ ಮಾತಾಡಾಕತ್ತೀನಿ. ನೀವು ಒಂದಿನಾ ಕುರಿ ಹಿಂದ ನಡದೀರೇನು? ನಡದು ಬರ್ರಿ, ಆಮ್ಯಾಲ ಕೇಳ್ರಿ!"

ಅವಳ ಬಾಯಿಂದ ಅಂಥ ಉತ್ತರ ನಾನು ಎಂದೂ ಕೇಳಿರಲಿಲ್ಲ. ಅಂದೂ ಕೇಳಿಸಿಕೊಳ್ಳಲಿಲ್ಲ. ಬಾಗಿಲು ಒದ್ದೆ. ಹುಡುಗ ನಗುತ್ತ ನಿಂತಿದ್ದ. ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿ ದವಡೆಗೆ ಗುದ್ದಿದೆ. ಎಲುಬು ಮುರಿದದ್ದು ನನ್ನ ಮುಷ್ಟಿಗೇ ತಿಳಿಯಿತು. ಬಿದ್ದವನ ಎದೆಯ ಮೇಲೆ ಮಂಡಿಯೂರಿ ಮತ್ತೆ ಹೊಡೆದೆ. ರಕ್ತದೊಡನೆ ಹಲ್ಲೊಂದು ನೆಲಕ್ಕೆ ಬಿತ್ತು.

ಮೇಡಂ ನನ್ನ ತೋಳಿಗೆ ಜೋತುಬಿದ್ದು ಕಿರುಚಿದರು: "ಬಿಡ್ರೀ! ಬೈ ಅಂತ ನಾನ ಹೇಳೀನ್ರಿ ಅವಗ! ಹೊರಗಿನವ್ರು ಬೈಯೋ ಮೊದಲ ನಾವು ಬೈಬೇಕ್ರಿ!"

ಮಣ್ಣಿನಲ್ಲಿ ನಿಂತು ಜನ್ಮವಿಡೀ ಇದೇ ಮಾತು ಹೇಳಿದವನು ನಾನು. ಆದರೂ ಇನ್ನೊಂದು ಏಟು ಹಾಕಿದ ಮೇಲೆಯೇ ಕೈ ನಿಂತದ್ದು.

ಮಗಳು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು.

"ಏನರ ಅನ್ನು. ನಿನ್ ಸಲುವಾಗೇ ಹೊಡದೀನಿ," ಎಂದೆ.

ಅವಳ ತುಟಿಗಳು ಅಲುಗಿದವು. ದನಿ ಬರಲಿಲ್ಲ.

ಹುಡುಗನ ದವಡೆಗೆ ತಂತಿ ಬಿಗಿದರು. ಅವನ ಪ್ರಬಂಧ ಸಂಕಿರಣಕ್ಕೆ ಹೋಗಲಿಲ್ಲ. ಪೊಲೀಸರ ಹತ್ತಿರ ಹೋಗುವುದು ಬೇಡವೆಂದು ಅವನೇ ತಾಯಿಗೆ ಕೈಸನ್ನೆ ಮಾಡಿದ. ನಾನು ಆಸ್ಪತ್ರೆಯಲ್ಲಿ ಅವನ ಕಾಲು ಹಿಡಿದು ಅತ್ತೆ. "ಮುದುಕಾ, ನಿನ್ ಕೈಗಿ ಹುಳಾ ಬೀಳ್ಲಿ!" ಎಂದು ಅವನ ತಾಯಿ ಚಪ್ಪಲಿಯಿಂದ ನನ್ನ ಬೆನ್ನಿಗೆ ಹೊಡೆದಳು. ಹೊಡೆಯಲಿ ಎಂದು ಬಾಗಿಯೇ ಇದ್ದೆ. ಅವಳ ಕಾಲಿಗೂ ಬಿದ್ದೆ. ಮೇಡಂ ಮನೆಗೆ ಹೋಗಿ ಕೈಮುಗಿದು ಬಂದೆ.

ಮಗಳು ಹೈದರಾಬಾದಿಗೆ ಒಬ್ಬಳೇ ಹೋದಳು. ತಿರುಗಿ ಬಂದ ದಿನ ಅಡುಗೆಮನೆಯಲ್ಲಿ ತಾಯಿಗೆ ಹೇಳುತ್ತಿದ್ದದ್ದು ನಡುಮನೆಯಲ್ಲಿ ಕೂತ ನನಗೆ ಕೇಳಿಸಿತು.

"ಓದೂದು ಛಲೋ ಓದಿದ್ನೆವ್ವಾ. ಆಮ್ಯಾಲ ಒಬ್ರು ಎದ್ದು ಜೋರಾಗಿ ಏನೋ ಕೇಳಿದ್ರು."

"ನೀ ಏನಂದಿ?"

"ಏನೂ ಅನಲಿಲ್ಲ. ಕುಂತಬಿಟ್ಟೆ."

"ಪ್ರಶ್ನಿ ಕಠಿಣ ಇತ್ತೇನು?"

"ಇಲ್ಲವ್ವಾ. ಉತ್ತರ ಬರ್ತಿತ್ತು."

ಎದ್ದು ಹೋಗಿ ಒಂದು ಮಾತು ಹೇಳಬಹುದಿತ್ತು. ಬದಲಿಗೆ, ನೀರು ತರ್ರಿ ಎಂದು ಗದರಿದೆ. ಒಳಗೆ ಇಬ್ಬರೂ ಸುಮ್ಮನಾದರು.

ಅವಳು ಪಿಎಚ್‌ಡಿ ಮುಗಿಸಿದಳು, ಆದರೆ ಇನ್ನೊಂದು ಸಂಕಿರಣದಲ್ಲಿ ನಿಲ್ಲಲಿಲ್ಲ. ಪಾಠ ಹೇಳುವ ಕೆಲಸವೂ ಬೇಡವೆಂದಳು. ಈಗ ಸೋಲಾಪುರದ ಒಂದು ಗ್ರಂಥಾಲಯದಲ್ಲಿದ್ದಾಳೆ, ಯಾರೂ ದನಿ ಏರಿಸದ ಜಾಗ. ಹಬ್ಬಕ್ಕೆ ಬಂದಾಗ ನನಗೆ ಮಾತ್ರೆ ಕೊಟ್ಟು, ಕಣ್ಣಿಗೆ ಔಷಧಿ ಹಾಕಿ ಹೋಗುತ್ತಾಳೆ. ಆ ಹುಡುಗನ ಕ್ಷಮೆ ಕೇಳಿದ್ದೇನೆ, ಅವನ ತಾಯಿಯ ಕ್ಷಮೆ ಕೇಳಿದ್ದೇನೆ, ಮೇಡಂ ಅವರ ಕ್ಷಮೆಯನ್ನೂ ಕೇಳಿದ್ದೇನೆ. ನನ್ನ ಮಗಳನ್ನು ಕೇಳಿಲ್ಲ.